ಮುಚ್ಚು ಎನ್ನದ ಮಾವ

ನಮ್ಮ ಬಂಧುಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಮೊದಲು ಹೊಡೆದುಕೊಳ್ಳುವುದು ನನ್ನ ಫೋನು. ನಾನು ಓದಿದ್ದು ವಾಣಿಜ್ಯ. ದುಡಿಯುವುದು ವಿಮಾ ಕಚೇರಿಯಲ್ಲಿ, ನುಜ್ಜುಗುಜ್ಜಾದ ಕಾರುಗಳ ಕಡತಗಳ ನಡುವೆ. ಆದರೆ ಯಾವ ಕೆಟ್ಟ ಗಳಿಗೆಯಲ್ಲೋ ಚಿಕ್ಕಮ್ಮನ ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಒಂದು ಹಾಳೆಯನ್ನು ಎಳೆದು ತೆಗೆದುಬಿಟ್ಟೆ. ಅಂದಿನಿಂದ 'ಅವಳಿಗೆ ಕಂಪ್ಯೂಟರ್ ಗೊತ್ತು' ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ನನ್ನ ಭಾನುವಾರಗಳು ನನ್ನ ಕೈತಪ್ಪಿ ಹೋದವು.

ಆ ಭಾನುವಾರ ಬೆಳಗ್ಗೆ ಫೋನ್ ಎತ್ತಿದ್ದು ಅಪ್ಪ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ನನ್ನ ಕೋಣೆಗೆ ಬಂದರು. ಅತ್ತೆ ಅವರ ಒಬ್ಬಳೇ ತಂಗಿ. ನಾವು ಇರುವುದು ತಾತ ಕಟ್ಟಿಸಿದ ಮನೆಯಲ್ಲಿ, ಇಷ್ಟು ವರ್ಷ ಅದರ ಪಾಲಿನ ಮಾತನ್ನು ಯಾರೂ ಎತ್ತಿದವರಲ್ಲ.

"ನಿಮ್ಮತ್ತೆ ಪಾರ್ಟಿಷನ್ ಅಂತಿದಾಳೆ ಕಣಮ್ಮ" ಎಂದರು ಅಪ್ಪ. "ನನ್ನನ್ನೇ ಕೇಳಿದ್ರೆ ಬೇಡ ಅಂತಿದ್ನಾ? ನಿನ್ನ ಹತ್ರ ಮಾತಾಡ್ಬೇಕಂತೆ."

ನಾನು ಫೋನ್ ಕಿತ್ತುಕೊಂಡೆ. ಅತ್ತೆ ಆಗಲೇ ಅರ್ಧ ಕಥೆ ಹೇಳಿಯಾಗಿತ್ತು. ಅವರ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ 'ಪಾರ್ಟಿಷನ್ ಮೌಂಟ್ ಮಾಡಲಾಗಲಿಲ್ಲ' ಎಂದು ಬರುತ್ತಿತ್ತು. ಎಷ್ಟು ಸಲ ಒತ್ತಿದರೂ ಅದೇ ರಾಗ. ಶಾಲೆಯವರ ಫೋಟೋಗಳೆಲ್ಲ ಅದರೊಳಗೇ ಇವೆ, ಸಂಜೆಯೊಳಗೆ ಪ್ರಿಂಟ್ ಹಾಕದಿದ್ದರೆ ಎಲ್ಲ ಮುಗಿದ ಹಾಗೆ, ಕೂಡಲೇ ಹೊರಟು ಬಾ ಎಂದಳು. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು.

"ನಿಮ್ಮ ಮಾವ ಗೋಂದು ತೆಗೆದಿಟ್ಕೊಂಡು ಕೂತಿದಾರೆ. ನೀನೇ ಬಂದು ಹೇಳು ಅವರಿಗೆ."

ಗೋಂದು ಯಾಕೆ ಎಂದು ಸ್ಟುಡಿಯೋ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮೌಂಟ್ ಎಂದರೆ ಅಚ್ಚಾದ ಫೋಟೋವನ್ನು ದಪ್ಪ ರಟ್ಟಿನ ಮೇಲೆ ಅಂಟಿಸುವುದು. ಕಂಪ್ಯೂಟರು ಮೌಂಟ್ ಆಗಲಿಲ್ಲ ಎಂದು ಗೋಳಾಡುವುದನ್ನು ಓದಿ ಮಾವ ಅದಕ್ಕೆ ನೆರವಾಗಲು ಹೊರಟಿದ್ದರು. ಅಪ್ಪನಿಗೆ ಮನೆಯ ಪಾಲಿನ ಚಿಂತೆ, ಮಾವನಿಗೆ ರಟ್ಟಿನ ಚಿಂತೆ. ಒಂದೇ ಸಾಲಿಗೆ ಎರಡು ಮನೆ ಕಂಗಾಲಾಗಿದ್ದವು. ಅಪ್ಪನಿಗೆ ಸಮಾಧಾನ ಹೇಳಿ ಹೊರಡುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು.

ಈ ಮಾವನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ದಿನ ನನಗೆ ಬಂದ ಸಿಟ್ಟಾಗಲಿ ಅದು ಇಳಿದ ಬಗೆಯಾಗಲಿ ಅರ್ಥವಾಗುವುದಿಲ್ಲ. ಅವರನ್ನು ಬೀದಿಯವರೆಲ್ಲ ಕರೆಯುವುದು ಆಪರೇಟರ್ ಎಂದು. ಹರೆಯದಲ್ಲಿ ಅವರು ಒಂದು ಟಾಕೀಸಿನಲ್ಲಿ ಸಿನಿಮಾ ಬಿಡುವ ಆಪರೇಟರ್ ಆಗಿದ್ದರು. ಈಗಲೂ ಎಲ್ಲಿಗೆ ಹೋದರೂ ಹಿಂದಿನ ಸಾಲಿನಲ್ಲೇ ಕೂರುತ್ತಾರೆ. ಮುಂದೆ ಕೂತರೆ ಬೆನ್ನ ಹಿಂದೆ ಏನು ನಡೆಯುತ್ತಿದೆಯೋ ಎಂಬ ಆತಂಕವಂತೆ. ಯಾವ ಹಾಳೆ ಕೈಗೆ ಸಿಕ್ಕರೂ ಮೊದಲು ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾರೆ, ಎಲ್ಲಾದರೂ ಹರಿದಿದೆಯೇ ಎಂದು.

ಒಂದು ಮಧ್ಯಾಹ್ನ ಆಟ ಮುಗಿದ ಮೇಲೆ ಟಾಕೀಸಿನ ಮಾಲೀಕರು ಮೆಟ್ಟಿಲು ಹತ್ತಿ ಮಾವನ ಕೋಣೆಗೆ ಬಂದು, ಇನ್ನು ಮುಚ್ಚಿಬಿಡೋಣಪ್ಪ ಎಂದರಂತೆ. ಬಾಗಿಲು ತಾನೆ ಸ್ವಾಮಿ, ನಾನು ಹಾಕಿಕೊಂಡು ಹೋಗ್ತೀನಿ ಎಂದರಂತೆ ಮಾವ. ಮಾಲೀಕರು ಹೋಗದೆ ಅಲ್ಲೇ ನಿಂತಿದ್ದರಂತೆ. ಆಮೇಲೆ, ನಿನ್ನ ಅಕ್ಷರ ಚೆನ್ನಾಗಿದೆ, ಒಂದು ಬೋರ್ಡು ಬರೆದುಕೊಡು ಎಂದರು. 'ಟಾಕೀಸು ಮುಚ್ಚಲಾಗಿದೆ' ಎಂದು ಮಾವ ತಮ್ಮ ಕೈಯಾರೆ ಬರೆದರು. ಅಲ್ಲಿಂದ ಹೋಗಿ ಸೇರಿದ್ದು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಗೆ. ಜನ ಕ್ಯಾಸೆಟ್ ನೋಡುವುದನ್ನು ಬಿಟ್ಟರು. ಅಲ್ಲಿಯೂ ಅಕ್ಷರ ಚೆನ್ನಾಗಿದ್ದವರು ಅವರೇ. ಮುಂದೆ ಸಿಕ್ಕಿದ್ದು ಫೋನ್ ಬೂತಿನ ಕೆಲಸ. ಎಲ್ಲರ ಜೇಬಿಗೂ ಫೋನ್ ಬಂದು ಕೂತಾಗ, ಬೂತಿನ ಒಡೆಯ ಬಾಯಿ ತೆರೆಯುವ ಮೊದಲೇ ಮಾವ ರಟ್ಟು, ಬಣ್ಣ ತಂದಿಟ್ಟುಕೊಂಡಿದ್ದರಂತೆ.

ಸ್ಟುಡಿಯೋ ಅತ್ತೆಯದು. ಮದುವೆಗೆ ಮೊದಲೇ ಕ್ಯಾಮೆರಾ ಹಿಡಿದವಳು ಅವಳು. ಬೂತು ನಿಂತ ವಾರವೇ ಅವಳು, ಇನ್ನು ಇನ್ನೊಬ್ಬರ ಬಾಗಿಲು ಕಾಯೋದು ಸಾಕು ಎಂದು ಹೇಳಿ ಗಂಡನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಬಂದಳು. ಮಾವ ಬಂದರು, ಆದರೆ 'ಮುಚ್ಚು' ಎಂಬ ಪದವನ್ನು ಹೊರಗೇ ಬಿಟ್ಟು ಬಂದರು. ರಾತ್ರಿ ಅಂಗಡಿಯ ಬಾಗಿಲು 'ಹಾಕುತ್ತಾರೆ'. ಕೊಡೆಯನ್ನು 'ಮಡಚುತ್ತಾರೆ'. ಸಾರಿನ ಪಾತ್ರೆಗೆ 'ತಟ್ಟೆ ಇಡುತ್ತಾರೆ'. ಮಕ್ಕಳಾಗಿದ್ದಾಗ ನಮಗೆ ಅವರೆಂದರೆ ಪ್ರಾಣ. ಬಾಯಿ ಮುಚ್ಚು ಎಂದು ಒಂದು ದಿನವೂ ಗದರಿಸದ ದೊಡ್ಡವರು ಇಡೀ ಬಳಗದಲ್ಲಿ ಅವರೊಬ್ಬರೇ. ಪ್ರೀತಿ ಅಂದುಕೊಂಡಿದ್ದೆವು. ಪ್ರೀತಿಯೂ ಹೌದು, ಆದರೆ ಪದ ಬಾಯಿಗೆ ಬರುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಈಗ ಸ್ಟುಡಿಯೋದ ಸರದಿ ಬಂದಿತ್ತು. ಕೈಯಲ್ಲಿ ಫೋನಿರುವವರೆಲ್ಲ ಫೋಟೋ ತೆಗೆಯುವವರೇ. ಅರ್ಜಿಗೆ ಅಂಟಿಸುವ ಸಣ್ಣ ಫೋಟೋ ಬಿಟ್ಟರೆ ಬೇರೆ ಗಿರಾಕಿಗಳಿಲ್ಲ. ಪಕ್ಕದಲ್ಲಿ ಮೊಬೈಲಿನ ಕವರ್ ಮಾರುವವನು ಈ ಜಾಗವನ್ನೂ ಸೇರಿಸಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಅತ್ತೆ ನೆಲ ನೋಡಿ ನಡೆಯುವವಳು. ತಿಂಗಳ ಕೊನೆಗೆ ಬಿಟ್ಟುಕೊಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟಳು. ಗಿರಾಕಿಗಳಿಗೆ ತಿಳಿಸಲು ಬಾಗಿಲಿಗೆ ಒಂದು ಬೋರ್ಡು ಬೇಕಲ್ಲ, ಅದನ್ನು ಕಂಪ್ಯೂಟರಿನಲ್ಲಿ ಬರೆದಿಡಿ ಎಂದು ಮಾವನಿಗೆ ಹೇಳಿದಳು. ಯಾವಾಗ ಕೇಳಿದರೂ ಮಾವ, ಆಗ್ತಿದೆ ಆಗ್ತಿದೆ ಎನ್ನುತ್ತಿದ್ದರು.

ಅಷ್ಟರಲ್ಲಿ ಹಿಂದಿನ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದರು. ಶಾಲೆಯ ಹಳೆಯ ತರಗತಿಗಳ ಗುಂಪು ಫೋಟೋಗಳನ್ನೆಲ್ಲ ದೊಡ್ಡದಾಗಿ ಅಚ್ಚುಹಾಕಿ, ರಟ್ಟಿಗೆ ಅಂಟಿಸಿ ಕೊಡಬೇಕು, ಸೋಮವಾರ ಬೆಳಗ್ಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುತ್ತಾರೆ, ಅಷ್ಟರಲ್ಲಿ ಗೋಡೆಯ ಮೇಲಿರಬೇಕು ಎಂದರು. ಕೆಲಸ ಮನಸ್ಸಿಗೆ ಬಂದರೆ ಇನ್ನು ಮುಂದೆ ಶಾಲೆಯ ಫೋಟೋ ಕೆಲಸವೆಲ್ಲ ನಿಮಗೇ ಎಂದೂ ಹೇಳಿದರು. ಅತ್ತೆ ಯೋಚಿಸುವ ಮೊದಲೇ ಮಾವ ಹೂಂ ಎಂದಾಗಿತ್ತು. ಅತ್ತೆ ಗೊಣಗಿ ಗೊಣಗಿ ಒಂದು ಮಾತಿಗೆ ಬಂದಳು. ಇದನ್ನು ಹೇಳಿದ ಹೊತ್ತಿಗೆ ಒಪ್ಪಿಸಿ ತೋರಿಸಿ, ಕವರಿನವನಿಗೆ ಆಮೇಲೆ ಏನಾದರೂ ಹೇಳೋಣ. ಆಗಲಿಲ್ಲ ಅಂದರೆ ನನ್ನ ಮಾತಿಗೆ ಎದುರಾಡಬಾರದು. ಮಾವ ಅದಕ್ಕೂ ಹೂಂ ಎಂದರು. ಅವರಿಗೆ ಇದ್ದ ಕೊನೆಯ ದಾರಿ ಅದೊಂದೇ.

ನಾನು ಹೋದಾಗ ಸ್ಟುಡಿಯೋದ ರೋಲಿಂಗ್ ಶಟರ್ ಅರ್ಧ ಎತ್ತಿತ್ತು. ಒಳಗೆ ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ, ಅದಕ್ಕೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಪರದೆಯ ಆಚೆ ನೀಲಿ ಬಣ್ಣದ ಗೋಡೆ, ಅದರ ಮುಂದೆ ಒಂದು ಸ್ಟೂಲು, ಎರಡು ಕೊಡೆ ದೀಪಗಳು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು. ಮಾವ ರಟ್ಟುಗಳನ್ನು ಅಳತೆಗೆ ಕತ್ತರಿಸಿ ಜೋಡಿಸಿಟ್ಟುಕೊಂಡು, ಗೋಂದಿನ ಡಬ್ಬಿಗೆ ತಟ್ಟೆ ಇಟ್ಟು, ಬ್ರಷ್ಷು ಕೈಯಲ್ಲಿ ಹಿಡಿದು ಕೂತಿದ್ದರು. ಅತ್ತೆ ಎಲ್ಲ ತಂತಿಗಳನ್ನೂ ಒಂದೊಂದಾಗಿ ಕಿತ್ತು ಮತ್ತೆ ಚುಚ್ಚಿದ್ದಳು. ಕಂಪ್ಯೂಟರಿನ ಡಬ್ಬದೊಳಕ್ಕೆ ಉಫ್ ಎಂದು ಊದಿದ್ದಳು. ಕವರಿನವನು ತಾನಾಗಿ ಬಂದು ಇಣುಕಿ, ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ ಎಂದು ಧಾರಾಳವಾಗಿ ಸಲಹೆ ಕೊಟ್ಟು ಹೋಗಿದ್ದ. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಒರೆಸಿಹಾಕುವುದು ಎಂದು ನಾನು ಹೇಳಿದಾಗ ಅತ್ತೆಯ ಮುಖ ಬಿಳಿಚಿಕೊಂಡಿತು.

ಮೊದಲು ಮಾವನಿಗೆ ಪಾಠ. ಇಲ್ಲಿ ಮೌಂಟ್ ಎಂದರೆ ಅಂಟಿಸುವುದಲ್ಲ, ಡಿಸ್ಕಿನ ಒಂದು ಭಾಗವನ್ನು ತೆರೆದು ಸಿಸ್ಟಮ್ಮಿಗೆ ಸೇರಿಸುವುದು ಎಂದೆ. ಹಾಗಾದರೆ ಅಂಟಿಸುವುದೇ ಆಯಿತಲ್ಲ ಎಂದರು. ಯೋಚಿಸಿ ನೋಡಿದರೆ ಅವರ ಮಾತೂ ತಪ್ಪಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಆ ಕಂಪ್ಯೂಟರಿನ ಸಂಸಾರವೂ ಹಾಗೇ ಇತ್ತು. ಒಂದೇ ಡಬ್ಬದೊಳಗೆ ಎರಡು ಸಿಸ್ಟಮ್. ಹಳೆಯ ನೆಗೆಟಿವ್‌ಗಳನ್ನು ಓದುವ ಸ್ಕ್ಯಾನರು ಹಳೆಯ ಸಿಸ್ಟಮ್ಮಿನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. ದೊಡ್ಡ ಪ್ರಿಂಟರಿಗೆ ಹೊಸ ಸಿಸ್ಟಮ್ಮೇ ಆಗಬೇಕು. ಹೀಗಾಗಿ ಹಳೆಯದು ಮಾವನ ಪಾಲಿಗೆ, ಹೊಸದು ಅತ್ತೆಯ ಪಾಲಿಗೆ ಬಂದಿತ್ತು. ಇಬ್ಬರಿಗೂ ಸೇರಿದ್ದು ನಡುವಿನ ಒಂದು ಪಾರ್ಟಿಷನ್. ಅದಕ್ಕೆ ಅವರು 'ಅಟ್ಟ' ಎಂದು ಹೆಸರಿಟ್ಟಿದ್ದರು. ಮಾವ ಸ್ಕ್ಯಾನ್ ಮಾಡಿ ಅಟ್ಟಕ್ಕೆ ಹಾಕಬೇಕು, ಅತ್ತೆ ಅಟ್ಟದಿಂದ ಇಳಿಸಿ ಅಚ್ಚುಹಾಕಬೇಕು. ಕೆಲವು ವಾರಗಳಿಂದ ಅತ್ತೆ ಕ್ಯಾಮೆರಾದಿಂದ ನೇರವಾಗಿ ಸಣ್ಣ ಫೋಟೋಗಳನ್ನಷ್ಟೇ ತೆಗೆಯುತ್ತಿದ್ದಳು, ಅಟ್ಟ ಹತ್ತುವ ಪ್ರಸಂಗವೇ ಬಂದಿರಲಿಲ್ಲ. ಈವತ್ತು ಹತ್ತಲು ಹೋದರೆ ಬಾಗಿಲು ಬಿಗಿದುಕೊಂಡಿತ್ತು.

ಡಿಸ್ಕಿನ ಪಟ್ಟಿ ತೆರೆದು ನೋಡಿದೆ. ಅಟ್ಟ ಇತ್ತು. ಹೆಸರು ಇತ್ತು, ಗಾತ್ರ ಸರಿಯಾಗಿತ್ತು, ಡಿಸ್ಕು ಆರೋಗ್ಯವಾಗಿದೆ ಎಂದೂ ಬರೆದಿತ್ತು. ತೆರೆ ಎಂದರೆ ಮಾತ್ರ, ಆಗಲಿಲ್ಲ. ಮತ್ತೆ ಶುರುಮಾಡಿದೆ. ಆಗಲಿಲ್ಲ. ಕಂಪ್ಯೂಟರಿನ ಮಾತುಗಳೆಲ್ಲ ಕನ್ನಡದಲ್ಲೇ ಇರಬೇಕು ಎಂಬುದು ಮಾವನ ಹಟ, ಹಾಗಾಗಿ ಆ ಆಗಲಿಲ್ಲವೂ ಅಚ್ಚ ಕನ್ನಡದಲ್ಲಿ ಬಂದು ಕೆನ್ನೆಗೆ ಹೊಡೆದ ಹಾಗಿತ್ತು. ನನ್ನ ಫೋನಿನಲ್ಲಿ ಹುಡುಕಿದೆ. ಒಬ್ಬ ಪುಣ್ಯಾತ್ಮ ಇದೇ ತೊಂದರೆ ತನಗೂ ಇದೆ ಎಂದು ಬರೆದಿದ್ದ. ಕೆಳಗೆ ಇನ್ನೊಬ್ಬ, ನನಗೂ ಇದೆ ಎಂದಿದ್ದ. ಅದರ ಕೆಳಗೆ ಮೊದಲನೆಯವನೇ, ಸರಿಹೋಯಿತು ಎಲ್ಲರಿಗೂ ವಂದನೆ ಎಂದು ಬರೆದು ಹೋಗಿದ್ದ. ಹೇಗೆ ಸರಿಹೋಯಿತು ಎಂದು ಹೇಳುವ ಸೌಜನ್ಯ ಅವನಿಗಿರಲಿಲ್ಲ. ಎದುರಿಗಿದ್ದಿದ್ದರೆ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಅತ್ತೆ ಹಿಂದೆ ನಿಂತು ಸಿಕ್ಕಿತಾ ಸಿಕ್ಕಿತಾ ಎಂದು ತಲೆ ತಿನ್ನುತ್ತಿದ್ದಳು. ಮಾವ ಪಕ್ಕದಲ್ಲಿ ಸುಮ್ಮನೆ ಕೂತು, ರಟ್ಟಿನ ಅಂಚುಗಳನ್ನು ಸವರುತ್ತಿದ್ದರು. ಆ ಸದ್ದಿಗೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಕೊನೆಗೆ 'ವಿವರಗಳು' ಎಂಬ ಚಿಕ್ಕ ಗುಂಡಿ ಕಣ್ಣಿಗೆ ಬಿತ್ತು. ಅದನ್ನು ಬೆಳಗ್ಗೆಯೇ ಒತ್ತಬಹುದಿತ್ತು, ಆದರೆ ವಿವರ ಓದುವ ತಾಳ್ಮೆ ಇದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅದರಲ್ಲಿದ್ದದ್ದರ ಸಾರ ಇಷ್ಟು: ಇನ್ನೊಂದು ಸಿಸ್ಟಮ್ ಈ ಪಾರ್ಟಿಷನ್ನನ್ನು ತೆರೆದಿಟ್ಟುಕೊಂಡೇ ನಿದ್ದೆ ಹೋಗಿದೆ. ಅದು ಎದ್ದು, ಎಲ್ಲವನ್ನೂ ಕೆಳಗಿಟ್ಟು, ಸರಿಯಾಗಿ ಮುಚ್ಚಿಕೊಳ್ಳುವವರೆಗೆ ಇನ್ನೊಬ್ಬರನ್ನು ಒಳಗೆ ಬಿಡುವಂತಿಲ್ಲ.

"ಮಾವ, ನಿಮ್ಮ ಕಡೆಯದನ್ನ ನೀವು ಹೇಗೆ ಆಫ್ ಮಾಡ್ತೀರಿ?"

"ಆಫ್ ಮಾಡಲ್ಲ" ಎಂದರು ಮಾವ. "ಮಲಗಿಸ್ತೀನಿ."

ನಾನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡೆ. ಮೊದಲೆಲ್ಲ ಅವರು ಡಬ್ಬದ ಮೇಲಿನ ಗುಂಡಿ ಒತ್ತಿ ಆರಿಸುತ್ತಿದ್ದರಂತೆ. ಪರದೆಯ ಮೇಲಿನ ಪಟ್ಟಿಯಲ್ಲಿ ಇರುವುದು ಮೂರು ಪದ, 'ಮಲಗಿಸು', 'ಮತ್ತೆ ಶುರುಮಾಡು', 'ಮುಚ್ಚು'. ಆ ಮೂರನೆಯದರ ಸಹವಾಸಕ್ಕೇ ಅವರು ಹೋದವರಲ್ಲ. ಈಚೆಗೆ ಗುಂಡಿ ಒತ್ತಿದರೂ ಅದು ಏನೋ ಪ್ರಶ್ನೆ ಕೇಳುತ್ತಿದೆಯಂತೆ, ಅದಕ್ಕೇ ಮಲಗಿಸುವುದಂತೆ. ಏನು ಪ್ರಶ್ನೆ ಎಂದರೆ ಬಾಯಿ ಬಿಡಲಿಲ್ಲ. ಬೆಳಗಿನಿಂದ ನಾನು ಬೆವರು ಸುರಿಸಿದ್ದು, ಅತ್ತೆ ತಂತಿ ಕಿತ್ತದ್ದು, ಅಪ್ಪ ಮನೆಯ ಪಾಲಿನ ಯೋಚನೆಯಲ್ಲಿ ತಿಂಡಿ ಬಿಟ್ಟದ್ದು ಎಲ್ಲ ಇದಕ್ಕೆ. ಒಂದು ಪದಕ್ಕೆ ಹೆದರಿ ಇವರು ಮಲಗಿಸಿದ್ದಕ್ಕೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಟ್ಟವನ್ನು ಬರೀ ನೋಡಲು ಮಾತ್ರ ತೆರೆಯುವ ಒಂದು ದಾರಿ ಸಿಕ್ಕಿತು. ತೆರೆದೆ. ಹಳೆಯ ಮದುವೆಗಳು, ಮಕ್ಕಳು, ಅರ್ಜಿಯ ಮುಖಗಳು ಎಲ್ಲ ಸಾಲಾಗಿ ಬಂದವು. ಶಾಲೆಯ ಫೋಟೋ ಒಂದೂ ಇರಲಿಲ್ಲ. ಮಾವ ಇಷ್ಟು ವಾರ ಕೂತು ಗೀರು ಅಳಿಸಿ, ಮುಖ ತೊಳೆದು ಸಿದ್ಧಮಾಡಿದ್ದೆಲ್ಲ ಮಲಗಿರುವ ಸಿಸ್ಟಮ್ಮಿನ ಮುಷ್ಟಿಯೊಳಗೇ ಇತ್ತು, ಅಟ್ಟಕ್ಕೆ ಇನ್ನೂ ಏರಿರಲಿಲ್ಲ.

ಫೋನಿನಲ್ಲಿ ಮತ್ತೊಬ್ಬ ಜಾಣ ಒಂದು ಸಾಲಿನ ಉಪಾಯ ಕೊಟ್ಟಿದ್ದ. ಮಲಗಿರುವುದನ್ನು ಎಬ್ಬಿಸುವ ಗೋಜೇ ಬೇಡ, ಅದರ ನಿದ್ದೆಯ ಕಡತವನ್ನೇ ಅಳಿಸಿಹಾಕಿ, ಬಾಗಿಲು ತೆರೆಯುತ್ತದೆ. ಅದು ಹಿಡಿದಿಟ್ಟುಕೊಂಡದ್ದು ಮಾತ್ರ ಹೋಗುತ್ತದೆ. ಅತ್ತೆ ಓದಿದ್ದು ಮೊದಲ ಅರ್ಧವನ್ನು.

"ಬಾಗಿಲು ತೆರೆಯುತ್ತಲ್ಲ, ಮಾಡು" ಎಂದಳು.

ಮಾವ ಎದ್ದು ಬಂದು ಕೀಲಿಮಣೆಯ ಮೇಲೆ ಅಂಗೈ ಊರಿದರು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರ ಬಿದ್ದವು. ಅವರು ಅಷ್ಟು ಒರಟಾಗಿ ಏನನ್ನಾದರೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಬೇಡ ಪುಟ್ಟಿ. ನಾನೇ ಎಬ್ಬಿಸ್ತೀನಿ."

ಜಾಗ ಬಿಟ್ಟುಕೊಟ್ಟೆ. ಮಾವ ಕಂಪ್ಯೂಟರನ್ನು ಹಳೆಯ ಸಿಸ್ಟಮ್ಮಿಗೆ ತಿರುಗಿಸಿದರು. ಅದು ನಿಧಾನವಾಗಿ, ಆಕಳಿಸಿದ ಹಾಗೆ ಗುರ್ ಎಂದು ಎದ್ದಿತು. ಪರದೆಯ ಮೇಲೆ ಒಂದರ ಮೇಲೊಂದು ಶಾಲೆಯ ಗುಂಪು ಫೋಟೋಗಳು. ಮೆಟ್ಟಿಲಿನ ಮೇಲೆ ನಿಂತ ಹುಡುಗರು, ನೆಲದಲ್ಲಿ ಕಾಲು ಮಡಚಿ ಕೂತ ಹುಡುಗಿಯರು, ನಡುವೆ ಕುರ್ಚಿಗಳಲ್ಲಿ ಮೇಷ್ಟ್ರುಗಳು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಎಷ್ಟೋ ಹಿಂದೆ ಅತ್ತೆಯೇ ತೆಗೆದ ಫೋಟೋಗಳು ಅವು. ಅವಳು ಬಗ್ಗಿ ನೋಡಿದಳು.

ಎಲ್ಲದರ ಅಡಿಯಲ್ಲಿ ಇನ್ನೊಂದು ಕಿಟಕಿ ತೆರೆದಿತ್ತು. ಬಿಳಿ ಹಾಳೆ, ದಪ್ಪ ಅಕ್ಷರ. 'ಗಿರಾಕಿಗಳ ಗಮನಕ್ಕೆ. ಈ ತಿಂಗಳ ಕೊನೆಗೆ ನಮ್ಮ ಸ್ಟುಡಿಯೋವನ್ನು'. ಅಷ್ಟೇ. ಮುಂದೆ ಒಂದು ಗೀಟು ಮಿಟುಕುತ್ತಿತ್ತು. ಕನ್ನಡದಲ್ಲಿ ಮಾಡುವುದೇನು ಎನ್ನುವ ಪದ ಸಾಲಿನ ಕೊನೆಗೆ ಬರುತ್ತದೆ. ಮಾವ ಆ ಕೊನೆಯವರೆಗೆ ಹೋಗಿ ನಿಂತಿದ್ದರು. ಅಲ್ಲಿಂದಾಚೆಗೆ ಅವರ ಕೈ ಓಡಿರಲಿಲ್ಲ. ಸ್ಟುಡಿಯೋವನ್ನು ಏನು ಮಾಡುತ್ತಾರೆ ಎಂದು ಆ ಹಾಳೆ ಹೇಳಿರಲೇ ಇಲ್ಲ.

"ಆಗ್ತಿದೆ ಆಗ್ತಿದೆ ಅಂದಿದ್ದು ಇದಾ?" ಎಂದಳು ಅತ್ತೆ. ಗದರಿಸಲೆಂದೇ ಬಾಯಿ ತೆರೆದಿದ್ದಳು, ದನಿ ಅರ್ಧಕ್ಕೇ ಇಳಿಯಿತು.

"ಮೂರು ಬರ್ದಿದೀನಿ ಕಣೆ" ಎಂದರು ಮಾವ. "ಅವು ಬೇರೆಯವರದಾಗಿತ್ತು. ಇದಕ್ಕೆ ಕೈ ಬರ್ತಿಲ್ಲ."

ಹೊರಗೆ ಕವರಿನವನ ಅಂಗಡಿಯ ಮುಂದೆ ಯಾರೋ ಚೌಕಾಸಿ ಮಾಡುವುದು ಕೇಳುತ್ತಿತ್ತು. ಬೆಳಗಿನಿಂದ ನನ್ನ ಮೂಗಿನ ತುದಿಯಲ್ಲಿ ಕೂತಿದ್ದ ಸಿಟ್ಟಿಗೆ ಈಗ ಎಲ್ಲಿ ಕೂರಬೇಕು ಎಂದು ತಿಳಿಯಲಿಲ್ಲ. ಆದರೂ ಗಡಿಯಾರ ಓಡುತ್ತಿತ್ತು, ಫೋಟೋ ಒಂದೂ ಅಚ್ಚಾಗಿರಲಿಲ್ಲ. ಬೇರೆ ದಾರಿಯಿಲ್ಲ ಮಾವ ಎಂದೆ. ಎಲ್ಲವನ್ನೂ ಉಳಿಸಿಕೊಂಡು, ಇದನ್ನು ಸರಿಯಾಗಿ ಮುಚ್ಚಲೇಬೇಕು, ಆಗಲೇ ಅಟ್ಟದ ಬಾಗಿಲು ಬಿಡುವುದು. ಇಲ್ಲಿ ಈ ಪದಕ್ಕೆ ಅಂಗಡಿ ಮುಚ್ಚುವ ಅರ್ಥವಿಲ್ಲ, ಬಾಗಿಲು ಹಾಕುವುದು ಎನ್ನುತ್ತೀರಲ್ಲ ಅಷ್ಟೇ ಇದು, ಬೆಳಗ್ಗೆ ಮತ್ತೆ ತೆರೆಯುತ್ತದೆ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ನನ್ನ ವಯಸ್ಸಿಗೆ ಎರಡರಷ್ಟಾದವರಿಗೆ ಹಾಗೆ ಹೇಳುವಾಗ ನಾಚಿಕೆಯೂ ಆಯಿತು.

ಮಾವ ಪಟ್ಟಿ ತೆರೆದರು. ಬಾಣದ ಗುರುತು 'ಮಲಗಿಸು' ದಾಟಿತು, 'ಮತ್ತೆ ಶುರುಮಾಡು' ದಾಟಿತು, 'ಮುಚ್ಚು' ಎಂಬುದರ ಮೇಲೆ ಬಂದು ನಿಂತಿತು. ಕಣ್ಣು ಪಿಳುಕಿಸಿ ಒತ್ತಿದರು.

ಕಂಪ್ಯೂಟರು ಮುಚ್ಚಲಿಲ್ಲ. ಪ್ರಶ್ನೆ ಕೇಳಿತು. ಮೊದಲ ಗುಂಪು ಫೋಟೋ ಮುಂದೆ ಬಂದು, ಅದರ ಮೇಲೆ ಒಂದು ಚೌಕ ಮೂಡಿತು. 'ಮುಚ್ಚುವ ಮೊದಲು ಉಳಿಸಬೇಕೆ?' ಕೆಳಗೆ ಮೂರು ಗುಂಡಿ, 'ಉಳಿಸು', 'ಉಳಿಸಬೇಡ', 'ಬಿಟ್ಟುಬಿಡು'. ಮಾವ 'ಉಳಿಸು' ಒತ್ತಿದರು. ಎರಡನೆಯ ಫೋಟೋ ಬಂತು, ಅದೇ ಪ್ರಶ್ನೆ. ಉಳಿಸು. ಮುಂದಿನದು. ಉಳಿಸು. ಒತ್ತುತ್ತ ಒತ್ತುತ್ತ ಅವರ ಕೈ ಹಗುರವಾಗುವುದು ಕಾಣುತ್ತಿತ್ತು. ಫೋಟೋಗಳೆಲ್ಲ ಒಂದೊಂದಾಗಿ ಅಟ್ಟಕ್ಕೆ ಹೋಗಿ ಕೂತವು. ಕೊನೆಗೆ ಉಳಿದದ್ದು ಆ ಬಿಳಿ ಹಾಳೆ.

'ಮುಚ್ಚುವ ಮೊದಲು ಉಳಿಸಬೇಕೆ?'

ಮಾವ ಮೌಸಿನ ಮೇಲಿಂದ ಕೈ ತೆಗೆದುಬಿಟ್ಟರು. ದಿನವೂ ಅವರು ಮೊದಲ ಪ್ರಶ್ನೆಗೇ ಹಿಂದೆ ಸರಿಯುತ್ತಿದ್ದದ್ದು ಈ ಹಾಳೆಗೆ ಹೆದರಿ ಎಂದು ನನಗೆ ಆಗ ತಿಳಿಯಿತು. ಉಳಿಸು ಎಂದರೆ ಆ ಬೋರ್ಡು ಉಳಿಯುತ್ತದೆ. ಉಳಿಸಬೇಡ ಎಂದರೆ ನಾಳೆ ಹೆಂಡತಿ ಬೋರ್ಡೆಲ್ಲಿ ಎಂದು ಕೇಳುತ್ತಾಳೆ. ಎರಡೂ ಬೇಡವೆಂದು 'ಬಿಟ್ಟುಬಿಡು' ಒತ್ತಿ, ಮುಚ್ಚುವುದನ್ನೇ ಕೈಬಿಟ್ಟು, ಕಂಪ್ಯೂಟರನ್ನು ಮಲಗಿಸಿ ಮನೆಗೆ ಹೋಗುತ್ತಿದ್ದರು. ನಾನು ಬೆಳಗಿನಿಂದ ತಂತಿಗಳಲ್ಲಿ, ಡಿಸ್ಕಿನಲ್ಲಿ, ಫೋನಿನಲ್ಲಿ ಹುಡುಕುತ್ತಿದ್ದ ರೋಗ ಇಷ್ಟೇ.

ಅತ್ತೆ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಓದಿದಳು. ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಬಾಯಿಬಿಟ್ಟು, ಶಾಲೆಯಲ್ಲಿ ಮಕ್ಕಳು ಓದುವ ಹಾಗೆ ಪದ ಬಿಡಿಸಿ ಬಿಡಿಸಿ. ಮುಚ್ಚುವ, ಮೊದಲು, ಉಳಿಸಬೇಕೆ. ಆಮೇಲೆ ಮಾವನ ಹೆಗಲ ಮೇಲಿಂದ ಕೈ ಚಾಚಿ ಮೌಸನ್ನು ತಾನೇ ಹಿಡಿದಳು. ಬಾಣವನ್ನು ಸರಿಸಿ 'ಉಳಿಸಬೇಡ' ಒತ್ತಿದಳು. ಹಾಳೆ ಮಾಯವಾಯಿತು.

"ನಾಳೆ ಬೋರ್ಡೆಲ್ಲಿ ಅಂತ ಕೇಳ್ತೀಯ" ಎಂದರು ಮಾವ, ತಿರುಗಿ ನೋಡದೆ.

"ಕೇಳಲ್ಲ" ಎಂದಳು ಅತ್ತೆ.

ಕಂಪ್ಯೂಟರು ಇನ್ನೇನೂ ಕೇಳದೆ ಆರಿತು. ಹೊಸ ಸಿಸ್ಟಮ್ ಶುರುಮಾಡಿ ಅಟ್ಟ ತೆರೆದರೆ, ಇಷ್ಟು ಹೊತ್ತು ಏನೂ ಆಗೇ ಇಲ್ಲವೆಂಬಂತೆ ತೆರೆದುಕೊಂಡಿತು. ಅದರ ಆ ಮುಗ್ಧತೆಗೆ ನನಗೆ ಮತ್ತೊಮ್ಮೆ ಮೈ ಉರಿಯಿತು. ಪ್ರಿಂಟರು ಕಿರ್ರೋ ಎನ್ನುತ್ತ ಮೊದಲ ಗುಂಪನ್ನು ಹೊರಗೆ ತಳ್ಳಿತು. ಮಾವ ಅಂಚು ಸವರಿ, ಬೆಳಕಿಗೆ ಹಿಡಿದು, ರಟ್ಟಿನ ಮೇಲೆ ಗೋಂದು ಎಳೆದು, ಅಂಗೈಯಿಂದ ಒಂದು ಗುಳ್ಳೆಯೂ ಏಳದಂತೆ ಒತ್ತಿದರು. ಈಗ ಮೌಂಟ್ ಆಯ್ತು ನೋಡು ಎಂದರು. ನಾನು ನಗಲಿಲ್ಲ, ನಗಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅತ್ತೆಗೂ ಅದು ನೆನಪಾಗಿ ತಿನ್ನಲು ತರಲು ಹೊರಟಳು. ಹೋಗುವ ದಾರಿಯಲ್ಲಿ ಕವರಿನವನ ಅಂಗಡಿಯ ಮುಂದೆ ನಿಂತು ಏನೋ ಹೇಳಿದಳು. ಏನು ಹೇಳಿದಳೋ ಕೇಳಲಿಲ್ಲ, ಅವನು ತಲೆ ಕೆರೆದುಕೊಂಡದ್ದು ಮಾತ್ರ ಕಂಡಿತು.

ಮುಖ್ಯೋಪಾಧ್ಯಾಯಿನಿ ಸಂಜೆ ತಾವೇ ಬಂದರು. ಫೋಟೋಗಳನ್ನು ಗೋಡೆಗೆ ಒರಗಿಸಿ ಒಂದೊಂದನ್ನೇ ನೋಡಿದರು. ಒಂದರಲ್ಲಿ ನೆಲದ ಮೇಲೆ ಕೂತ ಹುಡುಗಿ ತಾನೇ ಎಂದು ಗುರುತಿಸಿ, ಆಗ ತನ್ನ ಹಲ್ಲು ಹೀಗಿತ್ತೇ ಎಂದು ನಕ್ಕರು. ಮುಂದಿನ ತರಗತಿಗಳ ಫೋಟೋ ಯಾವಾಗ ತೆಗೆಯಲು ಬರುತ್ತೀರಿ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಮಾವನ ಕಡೆ ನೋಡಿದಳು. ಮಾವ ಹಿಂದಿನ ಮೂಲೆಯಲ್ಲಿ ನಿಂತು ಕ್ಯಾಮೆರಾ ಒರೆಸುತ್ತಿದ್ದರು.

ನಾನು ಹೊರಡುವಾಗ ಬಾಗಿಲು ಹಾಕುವ ಹೊತ್ತಾಗಿತ್ತು. ಆ ದಿನದ ಕೊನೆಯ ಕೆಲಸವೆಂದು ಮಾವ ತಮ್ಮ ಸಿಸ್ಟಮ್ಮಿಗೆ ಹೋಗಿ, ಪಟ್ಟಿ ತೆರೆದು, ಯಾರೂ ಹೇಳದೆ ಆ ಮೂರನೆಯ ಪದವನ್ನು ಒತ್ತಿದರು. ಪರದೆ ಕಪ್ಪಾಯಿತು. ಅದನ್ನೇ ನೋಡುತ್ತ ನಿಂತುಬಿಟ್ಟರು.

"ನಾಳೆ ಏಳುತ್ತೆ ತಾನೆ ಪುಟ್ಟಿ?"

"ಏಳುತ್ತೆ ಮಾವ."

ನನ್ನ ಮಾತನ್ನು ಅವರು ನಂಬಿದ ಹಾಗೆ ಕಾಣಲಿಲ್ಲ. ಮರುದಿನ ಬೆಳಗ್ಗೆ ನಾನು ಕಚೇರಿಗೆ ಓಡುವ ಅವಸರದಲ್ಲಿ ಇದ್ದಾಗ, ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಇನ್ನೇನು ಕೆಟ್ಟಿತಪ್ಪ ಎಂದು ಹಲ್ಲು ಕಚ್ಚಿಕೊಂಡು ಎತ್ತಿದೆ. ಆ ಕಡೆ ಶಟರ್ ಎತ್ತುವ ಸದ್ದು, ಆಮೇಲೆ ಮಾವನ ದನಿ.

"ಪುಟ್ಟಿ, ಎದ್ದಿದೆ."

ಅಷ್ಟು ಹೇಳಿ ಫೋನ್ ಇಟ್ಟರು.